ಫೋಮ್ ರೋಲರ್ ಹಾಕಿದರೂ ನೋವು ಹೋಗುತ್ತಿಲ್ಲವೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಕುಮಾರ ಪರ್ವತ ಹತ್ತಿಳಿದವರನ್ನು ಮಾರನೇ ದಿನ ನೋಡಿದರೆ ನಡಿಗೆಯಲ್ಲೇ ಗೊತ್ತಾಗಿಬಿಡುತ್ತದೆ. ಸಮ ನೆಲದಲ್ಲಿ ಹೇಗೋ ನಡೆಯುತ್ತಾರೆ. ಮೆಟ್ಟಿಲು ಇಳಿಯುವಾಗ ಮಾತ್ರ ಕಂಬಿ ಹಿಡಿದು, ಅಡ್ಡಡ್ಡ ಕಾಲಿಡುತ್ತಾ ಇಳಿಯುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ವರ್ಷಕ್ಕೊಮ್ಮೆ ಹತ್ತಿಳಿಯುವವರ ಪಾಡೂ ಇದೇ. ಇಂಥವರಲ್ಲಿ ಬಹಳ ಜನ ಈಗ ಫೋಮ್ ರೋಲರ್, ಅಂದರೆ ಮೈಭಾರ ಹಾಕಿ ಸ್ನಾಯು ಉಜ್ಜಿಕೊಳ್ಳುವ ಫೋಮಿನ ಉರುಳೆ, ತರಿಸಿಕೊಳ್ಳುತ್ತಾರೆ. ಎರಡು ದಿನ ಹಲ್ಲು ಕಚ್ಚಿಕೊಂಡು ಅದರ ಮೇಲೆ ಉರುಳುತ್ತಾರೆ. ಆಮೇಲೆ "ಏನೂ ಪ್ರಯೋಜನ ಆಗಲಿಲ್ಲ", "ನೋವು ಇನ್ನೂ ಜಾಸ್ತಿ ಆಯ್ತು" ಅಂತ ಮಂಚದ ಕೆಳಗೆ ತಳ್ಳಿಬಿಡುತ್ತಾರೆ.

ಹಾಗೆ ತಳ್ಳುವ ಮೊದಲು ತಪ್ಪು ಎಲ್ಲಿದೆ ಅಂತ ಹುಡುಕಿ ನೋಡಬಹುದು. ಅದು ರೋಲರ್‌ನಿಂದ ಹೋಗುವಂಥ ನೋವೇ ಆಗಿರದೆ ಇರಬಹುದು. ರೋಲ್ ಮಾಡುತ್ತಿರುವ ಜಾಗ ತಪ್ಪಿರಬಹುದು. ಇಲ್ಲವೇ ಒತ್ತಡ ಮಿತಿ ಮೀರಿರಬಹುದು. ನಾನು ಕಂಡಂತೆ ಕೊನೆಯದೇ ಜಾಸ್ತಿ. ಆದರೂ ಪರೀಕ್ಷೆಯನ್ನು ಮೊದಲನೆಯದರಿಂದಲೇ ಶುರು ಮಾಡಬೇಕು. ಅಲ್ಲಿ ಎಡವಿದರೆ ಅಪಾಯವಿದೆ.

ಮೊದಲ ಪರೀಕ್ಷೆ: ಇದು ಯಾವ ನೋವು?

ರೋಲರ್ ಸಹಾಯ ಮಾಡುವುದು ಮುಖ್ಯವಾಗಿ ದಣಿವಿನ ನೋವಿಗೆ. ಅದರ ಗುರುತು ಸುಲಭ. ಕೆಲಸ ಮಾಡಿದ ಹೊತ್ತಿನಲ್ಲಿ ನೋವಿರುವುದಿಲ್ಲ. ಅರ್ಧ ದಿನ ಇಲ್ಲವೇ ಒಂದು ದಿನ ಕಳೆದ ಮೇಲೆ ಶುರುವಾಗುತ್ತದೆ. 24ರಿಂದ 72 ಗಂಟೆಗಳ ನಡುವೆ ಜೋರಾಗಿರುತ್ತದೆ. ವಾರದೊಳಗೆ ತಾನೇ ಹೋಗುತ್ತದೆ. ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ. ಒತ್ತಿದರೆ ಇಡೀ ಮಾಂಸಖಂಡ ನೋಯುತ್ತದೆ, ಒಂದೇ ಚುಕ್ಕೆಯಲ್ಲಲ್ಲ.

ಹತ್ತುವುದಕ್ಕಿಂತ ಇಳಿಯುವುದು ಈ ನೋವನ್ನು ಜಾಸ್ತಿ ತರುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತದೆ, ಅದೇ ಹೊತ್ತಿಗೆ ಉದ್ದಕ್ಕೆ ಎಳೆಯಲ್ಪಡುತ್ತದೆ. ಈ ಎಳೆದಾಟದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. 1712 ಮೀಟರ್ ಎತ್ತರದ ಪರ್ವತದ ತುದಿಯಿಂದ ಕುಕ್ಕೆಯವರೆಗೆ ಹೆಜ್ಜೆ ಹೆಜ್ಜೆಗೂ ಇದೇ ಆಗುತ್ತಿರುತ್ತದೆ. "ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ಉಜ್ಜಿ ತೆಗೀಬೇಕು" ಎಂಬ ಮಾತನ್ನು ಜಿಮ್‌ಗಳಲ್ಲಿ ಈಗಲೂ ಕೇಳುತ್ತೇವೆ. ಅದು ಸರಿಯಲ್ಲ. ಕೆಲಸ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ಅದು ರಕ್ತದಿಂದ ಹೋಗಿಬಿಟ್ಟಿರುತ್ತದೆ. ಮಾರನೇ ದಿನ ಉಜ್ಜಿ ತೆಗೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಕೆಳಗಿನ ಯಾವುದೇ ಲಕ್ಷಣ ಕಂಡರೆ ರೋಲರ್ ಕೆಳಗಿಟ್ಟು ಡಾಕ್ಟರ್ ಹತ್ತಿರ ಹೋಗಿ:

- ಒಂದೇ ಕಾಲಿನ ಮೀನಖಂಡ ಊದಿಕೊಂಡಿದೆ, ಮುಟ್ಟಿದರೆ ಬಿಸಿ, ಕೆಂಪಾಗಿದೆ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದಿದ್ದರೆ, ವಿಮಾನದಲ್ಲಿ ದೂರ ಹೋಗಿ ಬಂದಿದ್ದರೆ, ಆಪರೇಷನ್ ಆಗಿ ಮಲಗಿದ್ದರೆ ಅನುಮಾನ ಇನ್ನೂ ಹೆಚ್ಚು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಒತ್ತಿ ಉಜ್ಜಿದರೆ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಉಸಿರಾಟಕ್ಕೂ ತೊಂದರೆಯಾಗುತ್ತಿದ್ದರೆ ತಡ ಮಾಡದೆ ಎಮರ್ಜೆನ್ಸಿಗೆ ಹೋಗಿ.
- ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ಸ್ನಾಯು ಬಿಗಿದು ಊದಿದೆ, ಕೈಕಾಲಲ್ಲಿ ಶಕ್ತಿಯೇ ಇಲ್ಲ. ಬಹಳ ದಿನ ಸುಮ್ಮನಿದ್ದು ಒಮ್ಮೆಲೇ ಅತಿಯಾಗಿ ವ್ಯಾಯಾಮ ಮಾಡಿದವರಲ್ಲಿ ಇದು ಕಾಣಿಸುತ್ತದೆ. ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.
- ಮೂಳೆಯ ಮೇಲೆ ಬೆರಳ ತುದಿಯಷ್ಟೇ ಜಾಗದಲ್ಲಿ ನೋವು. ಓಡಿದರೆ ಜಾಸ್ತಿ, ರಾತ್ರಿ ಮಲಗಿದಾಗಲೂ ಇದೆ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು.
- ಓಡುವಾಗ "ಪಟ್" ಎಂದು ಹಿಡಿದುಕೊಂಡು ಅಲ್ಲೇ ನಿಲ್ಲುವಂತಾಯಿತು. ಇದು ಸ್ನಾಯು ಹರಿದ ಲಕ್ಷಣ. ಹೊಸ ಗಾಯದ ಮೇಲೆ ರೋಲರ್ ಇಡಬಾರದು.

ಜ್ವರದ ಮೈಕೈ ನೋವಿಗೂ ಇದು ಮದ್ದಲ್ಲ. ಮಳೆಗಾಲದಲ್ಲಿ ಇದನ್ನು ವಿಶೇಷವಾಗಿ ನೆನಪಿಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿದ್ದರೆ ಚೂರು ಒತ್ತಿದರೂ ಚರ್ಮದ ಕೆಳಗೆ ರಕ್ತ ಇಳಿಯುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದ ಮೇಲೆ ಕೆಲವರಿಗೆ ಎರಡೂ ತೊಡೆ ನೋಯಲು ಶುರುವಾಗುತ್ತದೆ. ವ್ಯಾಯಾಮವನ್ನೇ ಮಾಡದೆ ಬಂದ ನೋವು ಅದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ರೋಲರ್ ಮಾಡುವ ಕೆಲಸ ಏನು?

ಇದು ತಿಳಿದರೆ ಅರ್ಧ ತಪ್ಪು ತಾನೇ ಸರಿಹೋಗುತ್ತದೆ. "ಒಳಗೆ ಗಂಟು ಕಟ್ಟಿದೆ, ಒತ್ತಿ ಒಡೀಬೇಕು" ಅಂದುಕೊಂಡೇ ಬಹಳ ಜನ ರೋಲರ್ ಮೇಲೆ ಕೂರುತ್ತಾರೆ. ಸ್ನಾಯುವಿನ ಮೇಲಿನ ಹೊದಿಕೆ ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ. ತೊಡೆಯ ಹೊರಬದಿಯ ದಪ್ಪ ಪಟ್ಟಿ ಮತ್ತು ಅಂಗಾಲಿನ ಪಟ್ಟಿಯ ಬಗ್ಗೆ 2008ರಲ್ಲಿ ಒಂದು ಲೆಕ್ಕಾಚಾರ ಪ್ರಕಟವಾಯಿತು. ಅವನ್ನು ಶೇಕಡಾ 1ರಷ್ಟು ಅದುಮಬೇಕಾದರೂ ಮನುಷ್ಯನ ಮೈ ತಡೆಯುವ ಮಿತಿಗಿಂತ ಹೆಚ್ಚಿನ ಬಲ ಬೇಕು ಎಂದು ಅದರಲ್ಲಿ ತೋರಿಸಿದ್ದಾರೆ. ಮೈಭಾರ ಹಾಕಿ ಉರುಳಿದರೆ ಅದು ಹಿಗ್ಗುವುದೂ ಇಲ್ಲ, ಒಡೆಯುವುದೂ ಇಲ್ಲ.

ಹಾಗಿದ್ದರೂ ಹಾಯೆನಿಸುವುದು ನಿಜ, ಅಲ್ವಾ? ಆ ಬದಲಾವಣೆ ಹೆಚ್ಚಾಗಿ ಆಗುವುದು ನರಗಳಲ್ಲಿ. ಹದವಾದ ಒತ್ತಡ ಬಿದ್ದಾಗ ನೋವಿನ ಸೂಕ್ಷ್ಮತೆ ಸ್ವಲ್ಪ ಹೊತ್ತು ಇಳಿಯುತ್ತದೆ, ಸ್ನಾಯು ಬಿಗಿ ಬಿಡುತ್ತದೆ. ಒಂದು ಕಾಲಿನ ಮೀನಖಂಡಕ್ಕೆ ರೋಲ್ ಮಾಡಿದರೆ ಇನ್ನೊಂದು ಕಾಲೂ ಒತ್ತಿದಾಗ ಕಡಿಮೆ ನೋಯುತ್ತದೆ ಎಂದು ಪ್ರಯೋಗದಲ್ಲಿ ಕಂಡಿದ್ದಾರೆ. ರೋಲರ್ ಮುಟ್ಟದ ಕಾಲಿಗೂ ಹಗುರವಾಯಿತು ಅಂದರೆ ಒಡೆದ ಗಂಟು ಅಲ್ಲೇನೂ ಇರಲಿಲ್ಲ ಎಂದಾಯಿತು.

ಆದ್ದರಿಂದ ಬಲ ಹಾಕಿದಷ್ಟೂ ಲಾಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಳಗಿನ ತೊಂದರೆಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ತೊಂದರೆ: ರೋಲ್ ಮಾಡಿದಷ್ಟೂ ನೋವು ಜಾಸ್ತಿಯಾಗುತ್ತಿದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಉಸಿರಿನಿಂದ ಪರೀಕ್ಷಿಸಿ. ರೋಲರ್ ಮೇಲಿದ್ದಾಗ ಮೂಗಿನಲ್ಲಿ ನಿಧಾನವಾಗಿ ಉಸಿರಾಡಲು ಆಗುತ್ತಿದೆಯೇ? ಹುಬ್ಬು ಗಂಟಿಕ್ಕಿದೆಯೇ? ಮುಷ್ಟಿ ಬಿಗಿದಿದೆಯೇ? ಉಸಿರು ಹಿಡಿದಿದ್ದರೆ ಒತ್ತಡ ಜಾಸ್ತಿ ಎಂದೇ ಅರ್ಥ. ಮೈ ಅದನ್ನು ಪೆಟ್ಟು ಅಂದುಕೊಂಡು ಸ್ನಾಯುವನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ. ನೋವಿಗೆ 10ರಲ್ಲಿ ಅಂಕ ಕೊಟ್ಟರೆ ಅದು 5ರ ಸುತ್ತ ಇರಬೇಕು. 8, 9 ಅನ್ನುವಂತಿದ್ದರೆ ಏನೂ ಉಪಯೋಗವಿಲ್ಲ.

ಮೀನಖಂಡವನ್ನೇ ತೆಗೆದುಕೊಳ್ಳೋಣ. ನೆಲದ ಮೇಲೆ ಕಾಲು ಚಾಚಿ ಕುಳಿತು, ರೋಲರನ್ನು ಹಿಮ್ಮಡಿಯಿಂದ ಒಂದು ಗೇಣು ಮೇಲೆ ಇಡಿ. ಕೈಗಳನ್ನು ಹಿಂದಕ್ಕೆ ಊರಿ. ಇನ್ನೊಂದು ಕಾಲನ್ನು ಮಡಿಸಿ ಪಾದ ನೆಲಕ್ಕೆ ಊರಿ. ಒತ್ತಡದ ಬೀಗ ಇರುವುದು ಈ ಪಾದದಲ್ಲೇ. ಅದನ್ನು ಗಟ್ಟಿಯಾಗಿ ಊರಿದರೆ ರೋಲರ್ ಮೇಲಿನ ಭಾರ ಇಳಿಯುತ್ತದೆ. ಸಡಿಲ ಬಿಟ್ಟರೆ ಏರುತ್ತದೆ. ವಿಡಿಯೋಗಳಲ್ಲಿ ತೋರಿಸುವ ಹಾಗೆ ಒಂದು ಕಾಲಿನ ಮೇಲೆ ಇನ್ನೊಂದನ್ನು ಹೇರುವುದು ನೋವಿಲ್ಲದವರಿಗೆ ಸರಿ. ಮೆಟ್ಟಿಲಿಳಿಯಲಾಗದ ಸ್ಥಿತಿಯಲ್ಲಿ ಅದನ್ನು ಮಾಡಬಾರದು. ಶುರುವಿನಲ್ಲಿ ಪೃಷ್ಠವನ್ನು ನೆಲದಿಂದ ಎತ್ತಲೂ ಬೇಡ. ಕುಳಿತಲ್ಲೇ ಕಾಲಿನ ಭಾರವಷ್ಟೇ ರೋಲರ್ ಮೇಲೆ ಬಿದ್ದರೆ ಸಾಕು.

ಇನ್ನು ವೇಗ. ಹೆಚ್ಚಿನವರು ಸರಸರ ಹಿಂದೆ ಮುಂದೆ ಎಳೆದಾಡುತ್ತಾರೆ. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಸಾಕು. ಹಿಮ್ಮಡಿಯ ಕಡೆಯಿಂದ ಮಂಡಿಯ ಕೆಳಗಿನವರೆಗೆ ಹೋಗಲು ಹತ್ತು ಸೆಕೆಂಡಾದರೂ ಹಿಡಿಯಬೇಕು. ನೋಯುವ ಜಾಗ ಸಿಕ್ಕಾಗ ಅಲ್ಲೇ ನಿಂತು, ಎರಡು ಮೂರು ಉಸಿರು ಬಿಟ್ಟು, ಪಾದವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಹದ ಸರಿಯಿದ್ದರೆ ಅಷ್ಟು ಹೊತ್ತಿಗೆ ನೋವು ಇಳಿಯಲು ಶುರುವಾಗುತ್ತದೆ. ಇಳಿಯದೆ ಏರುತ್ತಿದ್ದರೆ ಆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಿರಿ. ಒಂದು ಸ್ನಾಯುವಿಗೆ ಒಂದರಿಂದ ಎರಡು ನಿಮಿಷ ಸಾಕು. ಅದೇ ಚುಕ್ಕೆಯನ್ನು ಹತ್ತು ನಿಮಿಷ ಜಜ್ಜಿದರೆ ಮಾರನೇ ದಿನದ ನೋವು ಬೆಟ್ಟದಿಂದ ಬಂದದ್ದೋ ರೋಲರ್‌ನಿಂದ ಬಂದದ್ದೋ ಎಂದು ಹೇಳುವುದೇ ಕಷ್ಟ.

ತೊಡೆಯ ಮುಂಭಾಗಕ್ಕೆ ಬೋರಲು ಮಲಗಬೇಕಾಗುತ್ತದೆ. ಆಗ ಭಾರ ತಾನಾಗಿಯೇ ಜಾಸ್ತಿ ಬೀಳುತ್ತದೆ, ಮೊಣಕೈ ಭುಜ ಬೇಗ ಸೋಲುತ್ತವೆ. ಕಷ್ಟವೆನಿಸಿದರೆ ಕುರ್ಚಿಯಲ್ಲಿ ಕುಳಿತು ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಉರುಳಿಸಿ. ಒತ್ತಡ ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ. ನೆಲಕ್ಕೆ ಕುಳಿತು ಏಳಲಾಗದ ಹಿರಿಯರಿಗೂ ನಾನು ಇದನ್ನೇ ಹೇಳುವುದು.

ತೊಂದರೆ: ಮಂಡಿಯ ಹೊರಬದಿ ನೋವು, ವಾರಗಟ್ಟಲೆ ರೋಲ್ ಮಾಡಿದರೂ ಹಾಗೇ ಇದೆ

ಓಟಗಾರರಲ್ಲಿ ಇದು ಸಾಮಾನ್ಯ. ಬೆಂಗಳೂರಿನ 10ಕೆ ಓಟಕ್ಕೆ ತಯಾರಿ ಜೋರಾದಾಗ ಈ ದೂರೂ ಜೋರಾಗುತ್ತದೆ. ಮಾಡುವ ಚಿಕಿತ್ಸೆಯೂ ಎಲ್ಲರದ್ದೂ ಒಂದೇ. ಪಕ್ಕಕ್ಕೆ ಮಲಗಿ, ಸೊಂಟದಿಂದ ಮಂಡಿಯವರೆಗೆ ತೊಡೆಯ ಹೊರಬದಿಯನ್ನು ಕಣ್ಣಲ್ಲಿ ನೀರು ಬರುವವರೆಗೆ ಉಜ್ಜುವುದು.

ತೊಡೆಯ ಹೊರಬದಿಯ ಆ ದಪ್ಪ ಪಟ್ಟಿ ತನ್ನ ಮೇಲ್ತುದಿಯಲ್ಲಿ ಸೊಂಟದ ಬದಿಯ ಸ್ನಾಯುವಿಗೂ ಪೃಷ್ಠದ ದೊಡ್ಡ ಸ್ನಾಯುವಿಗೂ ಅಂಟಿಕೊಂಡು, ಕೆಳಗೆ ಮಂಡಿಯನ್ನು ದಾಟಿ ಮೊಳಕಾಲ ಕೆಳಗಿನ ಮೂಳೆಗೆ ಸೇರುತ್ತದೆ. ಪಟ್ಟಿ ಸ್ವತಃ ಬಿಗಿಯಾಗುವ ಸ್ನಾಯುವಲ್ಲ. ಮೇಲಿನ ಸ್ನಾಯುಗಳು ಎಳೆದಾಗ ಅದು ಬಿಗಿಯುತ್ತದೆ. ಮಂಡಿಯ ಬದಿಯಲ್ಲಿ ಮೊದಲೇ ಕೆರಳಿರುವ ಜಾಗವನ್ನು ರೋಲರ್‌ನಿಂದ ಮೂಳೆಗೆ ಒತ್ತಿ ಉಜ್ಜಿದರೆ ಇನ್ನಷ್ಟು ಕೆರಳುತ್ತದೆ, ಅಷ್ಟೇ.

ಹೀಗೆ ಮಾಡಿ: ಹೊರಬದಿಯನ್ನು ಎರಡು ವಾರ ಪೂರ್ತಿ ಬಿಟ್ಟುಬಿಡಿ. ಅದರ ಬದಲು ಪೃಷ್ಠಕ್ಕೂ, ಪ್ಯಾಂಟಿನ ಜೇಬು ಬರುವ ಸೊಂಟದ ಮುಂಬದಿಗೂ ರೋಲ್ ಮಾಡಿ. ಜೇಬಿನ ಜಾಗಕ್ಕೆ ರೋಲರ್‌ಗಿಂತ ಟೆನಿಸ್ ಚೆಂಡು ವಾಸಿ. ಗೋಡೆಗೆ ಒರಗಿ ನಿಂತೇ ಮಾಡಬಹುದು. ಆದರೆ ನಿಜವಾದ ಪರಿಹಾರ ಬೇರೆ ಇದೆ. ಓಟದ ದೂರ ಕಡಿಮೆ ಮಾಡಿ, ಇಳಿಜಾರಿನಲ್ಲಿ ಓಡುವುದನ್ನು ಸದ್ಯಕ್ಕೆ ಬಿಡಿ, ಪಕ್ಕಕ್ಕೆ ಮಲಗಿ ಕಾಲೆತ್ತುವಂಥ ವ್ಯಾಯಾಮದಿಂದ ಸೊಂಟದ ಬದಿಯ ಸ್ನಾಯುವಿಗೆ ಬಲ ತುಂಬಿ. ರೋಲರ್ ಇಲ್ಲಿ ಬರೀ ಸಹಾಯಕ. ಇದನ್ನು ಒಪ್ಪಿಕೊಳ್ಳದೆ ತಿಂಗಳುಗಟ್ಟಲೆ ನರಳುವವರನ್ನು ನೋಡಿದಾಗ ಬೇಜಾರಾಗುತ್ತದೆ.

ಮುಂಗಾಲ ಮೂಳೆಯ ಒಳಅಂಚಿನ ನೋವಿಗೂ ಇದೇ ಮಾತು. ಮೂಳೆಯ ಮೇಲೆ ರೋಲರ್ ಹಾಕಬೇಡಿ, ಮೀನಖಂಡಕ್ಕೆ ಹಾಕಿ.

ತೊಂದರೆ: ರೋಲ್ ಮಾಡುವಾಗ ಜೋಮು, ಚುರುಚುರು, ಶಾಕ್ ಹೊಡೆದ ಹಾಗೆ

ತಕ್ಷಣ ನಿಲ್ಲಿಸಿ. ನೀವು ಒತ್ತುತ್ತಿರುವುದು ನರವನ್ನು. ಮೂರು ಜಾಗಗಳಲ್ಲಿ ಇದು ಹೆಚ್ಚು. ಒಂದು, ಮಂಡಿಯ ಹಿಂದಿನ ಗುಳಿ. ಅಲ್ಲಿ ನರವೂ ದೊಡ್ಡ ರಕ್ತನಾಳವೂ ಮೇಲೆಮೇಲೆಯೇ ಇವೆ. ಎರಡು, ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬು. ಅದರ ಸುತ್ತ ಹಾದುಹೋಗುವ ನರಕ್ಕೆ ಪೆಟ್ಟಾದರೆ ಪಾದ ಎತ್ತುವುದೇ ಕಷ್ಟವಾಗಬಹುದು. ಮೂರು, ಪೃಷ್ಠದ ನಡುಭಾಗ. ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಇರುವವರು ಅಲ್ಲಿ ಚೆಂಡಿಟ್ಟು ಒತ್ತಿದರೆ ಕಾಲಿನುದ್ದಕ್ಕೂ ಸೆಳೆತ ಇಳಿಯುತ್ತದೆ.

ಜಾಗ ಬದಲಾಯಿಸಿದ ಕೂಡಲೇ ಜೋಮು ಹೋದರೆ ಚಿಂತೆಯಿಲ್ಲ. ರೋಲರ್ ಇಲ್ಲದಾಗಲೂ ಜೋಮು ಬರುತ್ತಿದ್ದರೆ, ಕೆಮ್ಮಿದರೆ ಸೀನಿದರೆ ಕಾಲಿಗೆ ಸೆಳೆತ ಇಳಿಯುತ್ತಿದ್ದರೆ ಮೂಲ ಬೆನ್ನಿನಲ್ಲಿರಬಹುದು, ತೋರಿಸಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರಿಗೆ ಎಷ್ಟು ಒತ್ತುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ. ಅವರು ಪಾದಕ್ಕೆ ಚೆಂಡು, ರೋಲರ್ ಬಳಸದಿರುವುದೇ ಒಳ್ಳೆಯದು.

ತೊಂದರೆ: ಸೊಂಟ ನೋವಿಗೆ ಹಾಕಿಕೊಂಡೆ, ಏಳಲಾಗುತ್ತಿಲ್ಲ

ಬೆನ್ನಿನ ಮೇಲ್ಭಾಗಕ್ಕೆ ಪಕ್ಕೆಲುಬುಗಳ ಆಸರೆ ಇದೆ. ಸೊಂಟಕ್ಕೆ ಅದಿಲ್ಲ. ರೋಲರ್ ಮೇಲೆ ಅಂಗಾತ ಮಲಗಿದಾಗ ಸೊಂಟದ ಮೂಳೆಗಳು ಹಿಂದಕ್ಕೆ ಬಾಗುತ್ತವೆ, ಅವನ್ನು ಕಾಯಲು ಸ್ನಾಯುಗಳು ಬಿಗಿದುಕೊಳ್ಳುತ್ತವೆ. ರೋಲರನ್ನು ರೆಕ್ಕೆ ಮೂಳೆಗಳ ಮಟ್ಟಕ್ಕೆ ಇಟ್ಟು, ಕೈಯನ್ನು ಕುತ್ತಿಗೆಯ ಹಿಂದೆ ಆಸರೆಯಾಗಿ ಕೊಟ್ಟು, ಪಕ್ಕೆಲುಬು ಮುಗಿಯುವಲ್ಲಿಗೆ ನಿಲ್ಲಿಸಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದು ನಿಜಕ್ಕೂ ಹಿತ. ಸೊಂಟಕ್ಕಾಗಿ ಪೃಷ್ಠ ಮತ್ತು ತೊಡೆಯ ಮುಂಭಾಗವನ್ನು ಸಡಿಲಗೊಳಿಸಿ. ಮೂಳೆ ಸವೆತ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಬೆನ್ನಿಗೆ ರೋಲರ್ ಹಾಕಬೇಡಿ.

ತೊಂದರೆ: ತೊಡೆಯ ಹಿಂಭಾಗಕ್ಕೆ ಏನೂ ತಾಗಿದ ಹಾಗೆ ಆಗುವುದಿಲ್ಲ

ನೆಲದಲ್ಲಿ ಕುಳಿತು ಮಾಡಿದರೆ ಆ ಭಾಗಕ್ಕೆ ಭಾರ ಬೀಳುವುದೇ ಕಡಿಮೆ. ಗಟ್ಟಿ ಮರದ ಕುರ್ಚಿಯ ಮೇಲೆ ಕುಳಿತು ತೊಡೆಯ ಕೆಳಗೆ ಟೆನಿಸ್ ಚೆಂಡು ಇಟ್ಟುಕೊಳ್ಳಿ. ಮಂಡಿಯನ್ನು ನಿಧಾನವಾಗಿ ಚಾಚಿ, ಮಡಿಸಿ. ಚೆಂಡನ್ನು ಎರಡೆರಡು ಬೆರಳಷ್ಟು ಸರಿಸುತ್ತಾ ಹೋಗಿ. ಮಂಡಿಯ ಗುಳಿಯ ಹತ್ತಿರ ಬರುವ ಮೊದಲೇ ನಿಲ್ಲಿಸಿ.

ತೊಂದರೆ: ಮಾಡಿದಾಗ ಹಗುರ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಬಿಗಿತ

ಇದನ್ನು ದೋಷ ಎನ್ನಲಾಗದು. ರೋಲರ್‌ನಿಂದ ಸಿಗುವ ಸಡಿಲಿಕೆಯ ಆಯುಷ್ಯವೇ ಅಷ್ಟು. ಹೆಚ್ಚಾಗಿ ನಿಮಿಷಗಳ ಲೆಕ್ಕ. ಆ ಹೊತ್ತನ್ನು ಬಳಸಿಕೊಳ್ಳಬೇಕು. ರೋಲ್ ಮಾಡಿ ಸೋಫಾದಲ್ಲಿ ಕುಳಿತರೆ ಸಿಕ್ಕಿದ್ದೂ ಹೋಯಿತು. ಎದ್ದು ಹತ್ತು ನಿಮಿಷ ನಡೆಯಿರಿ, ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದನ್ನು ಕೆಲವು ಸಲ ಮಾಡಿ.

ಕೆನಡಾದ ಮೆಮೋರಿಯಲ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾರ ಹೊತ್ತು ಬಸ್ಕಿ ಹೊಡೆದ ಎಂಟು ಯುವಕರಿಗೆ ವ್ಯಾಯಾಮ ಮುಗಿದ ಕೂಡಲೇ, 24 ಗಂಟೆಗೆ, 48 ಗಂಟೆಗೆ ತಲಾ 20 ನಿಮಿಷ ರೋಲ್ ಮಾಡಿಸಿದರು. ತೊಡೆಯ ನೋವು ಕಡಿಮೆಯಾಗಿತ್ತು. ಎಂಟೇ ಜನ, ನಿಜ. ಆಮೇಲೆ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದವರೂ ಲಾಭ ಇದೆ, ಆದರೆ ಸಣ್ಣದು ಎಂದೇ ಹೇಳಿದ್ದಾರೆ. ಆ ವೇಳಾಪಟ್ಟಿಯನ್ನು ಮಾತ್ರ ಗಮನಿಸಿ. ನೋವು ಜೋರಾದ ಮೇಲೆ ಒಂದು ಸಲ ಮಾಡಿ ಬಿಡುವುದಕ್ಕಿಂತ ಬೆಟ್ಟ ಇಳಿದ ಸಂಜೆಯೇ ಶುರು ಮಾಡಿ ಮುಂದಿನ ಎರಡು ದಿನವೂ ಮಾಡುವುದು ವಾಸಿ.

ಇದಕ್ಕಿಂತ ದೊಡ್ಡ ಲಾಭ ಬೇರೆ ಕಡೆ ಇದೆ. ಒಮ್ಮೆ ಇಂಥ ನೋವು ಅನುಭವಿಸಿದ ಸ್ನಾಯು ಅದೇ ಕೆಲಸಕ್ಕೆ ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಚಾರಣಕ್ಕೆ ಎರಡು ವಾರ ಮೊದಲೇ ಮನೆಯ ಮೆಟ್ಟಿಲನ್ನೋ ಹತ್ತಿರದ ಬೆಟ್ಟವನ್ನೋ ಕೆಲವು ಸಲ ಹತ್ತಿಳಿದಿದ್ದರೆ ರೋಲರ್‌ಗೆ ಕೆಲಸವೇ ಕಡಿಮೆ. ನಿದ್ದೆ, ನೀರು, ಬೇಳೆ ಕಾಳು ಮೊಟ್ಟೆಯ ಊಟ ಸಾಲದೆ ಹೋದರೆ ಯಾವ ರೋಲರ್ ತಂದರೂ ಕಷ್ಟವೇ.

ತೊಂದರೆ: ಚರ್ಮ ನೀಲಿಗಟ್ಟಿದೆ

ಅತಿ ಒತ್ತಡ ಅಥವಾ ಮುಳ್ಳುಮುಳ್ಳಾದ ಗಟ್ಟಿ ರೋಲರ್ ಕಾರಣ. ಕಲೆ ಮಾಯುವವರೆಗೆ ಆ ಜಾಗ ಮುಟ್ಟಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಕಾಲಲ್ಲಿ ರಕ್ತನಾಳ ಉಬ್ಬಿ ಗಂಟುಗಂಟಾಗಿ ಕಾಣುವವರು ಡಾಕ್ಟರನ್ನು ಕೇಳಿಯೇ ಬಳಸಬೇಕು. ಹಗುರವಾಗಿ ಒತ್ತಿದರೂ ಕಲೆಯಾಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ತೊಂದರೆ ರೋಲರ್‌ನಲ್ಲೇ ಇದ್ದರೆ

ಬೆಳ್ಳಗೆ, ಹಗುರವಾಗಿ, ಅಗ್ಗಕ್ಕೆ ಸಿಗುವ ರೋಲರ್ ಕೆಲವು ತಿಂಗಳಲ್ಲಿ ನಡುವೆ ತಗ್ಗು ಬೀಳುತ್ತದೆ. ನೆಲದ ಮೇಲೆ ಉರುಳಿಸಿ ನೋಡಿ. ಕುಂಟುತ್ತಾ ಉರುಳಿದರೆ ಅದರ ಕಾಲ ಮುಗಿಯಿತು. ಒಳಗೆ ಪ್ಲಾಸ್ಟಿಕ್ ಕೊಳವೆ ಇರುವುದು ಹೆಚ್ಚು ಬಾಳಿಕೆ ಬರುತ್ತದೆ, ಆದರೆ ಗಟ್ಟಿ. ಹೊಸಬರು ಮಧ್ಯಮ ಗಟ್ಟಿಯ, ಮೇಲ್ಮೈ ನುಣುಪಾದ, 15 ಸೆಂಟಿಮೀಟರ್ ವ್ಯಾಸದ್ದನ್ನು ತೆಗೆದುಕೊಳ್ಳಲಿ. ಕಾಲಿಗೆ 30 ಅಥವಾ 45 ಸೆಂಟಿಮೀಟರ್ ಉದ್ದ ಸಾಕು. ಬೆನ್ನಿನುದ್ದಕ್ಕೆ ಇಟ್ಟು ಮಲಗುವವರಿಗೆ ಮಾತ್ರ 90 ಬೇಕು. ಈಗಾಗಲೇ ಗಟ್ಟಿಯದ್ದು ತಂದಿದ್ದರೆ ಬಿಸಾಡಬೇಕಿಲ್ಲ. ಒಂದು ದಪ್ಪ ಟವೆಲ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬಳಸಿ. ನೋವು ಇಳಿಯುತ್ತಾ ಬಂದ ಹಾಗೆ ಟವೆಲ್ ತೆಗೆಯಬಹುದು.

ಟೈಲ್ಸ್ ನೆಲದಲ್ಲಿ ರೋಲರ್ ಜಾರುತ್ತದೆ. ಜಾರದಂತೆ ಹಿಡಿಯಲು ಇಡೀ ಮೈ ಬಿಗಿಯುತ್ತದೆ, ಆಮೇಲೆ ಸ್ನಾಯು ಸಡಿಲವಾಗುವ ಮಾತೆಲ್ಲಿ? ಕೆಳಗೆ ಯೋಗ ಮ್ಯಾಟ್ ಹಾಸಿ. ಕಾಲಿಗೆ ಎಣ್ಣೆ ಹಚ್ಚಿಕೊಂಡು ರೋಲರ್ ಮೇಲೆ ಏರಬೇಡಿ. ಅದೂ ಜಾರುತ್ತದೆ, ಫೋಮ್ ಕೂಡ ಹಾಳಾಗುತ್ತದೆ. ಬೆವರು ಮೆತ್ತಿದ್ದರೆ ಸೋಪು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಫೋಮ್ ಸೆಟೆದು ಪುಡಿ ಉದುರಲು ಶುರುವಾಗುತ್ತದೆ.